ಇಂಗ್ಲೆಂಡಿನ ಮೆಲುದನಿಯೂ ಡೊಂಬಿವಲಿಯ ಹೊಟ್ಟೆಕಿಚ್ಚೂ

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ಬೀಗುವುದು ಬೇಡ. ಪಕ್ಕದ ಮನೆಯವರು ಕಾರು ಕೊಂಡಾಗ ನನಗೆ ಏನೂ ಅನಿಸಲಿಲ್ಲ. ಆಫೀಸಿನಲ್ಲಿ ನನ್ನ ಜೂನಿಯರ್ ನನ್ನನ್ನು ದಾಟಿ ಮೇಲೆ ಹೋದಾಗ ಎರಡು ದಿನ ಊಟ ಸೇರಲಿಲ್ಲ, ಮೂರನೆಯ ದಿನ ಸೇರಿತು. ಆದರೆ ಒಂದು ಸಿ.ಡಿ. ನನ್ನನ್ನು ಒಂದು ಇಡೀ ಮಳೆಗಾಲ ಸುಟ್ಟಿತು.

ಅದು ಇಂಗ್ಲೆಂಡಿನ ಯಾವುದೋ ಊರಿನ ನಾಲ್ಕು ಹುಡುಗರ ಬ್ಯಾಂಡಿನ ಸಿ.ಡಿ. ರಾಕ್ ಎಂದು ಹೆಸರು. ರಾಕ್ ಅಂದರೆ ಕಿರುಚಾಟ, ಕೂದಲು ಕೊಡವುವುದು ಎಂದುಕೊಂಡಿದ್ದ ನನಗೆ ಮೊದಲ ಆಘಾತವೇ ಅಲ್ಲಿ. ಈ ಹುಡುಗರು ಕಿರುಚುವುದಿರಲಿ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಹಾಡುತ್ತಿದ್ದರು. ಗಿಟಾರನ್ನು ಬಾರಿಸುತ್ತಿರಲಿಲ್ಲ, ಮುಟ್ಟಿ ಬಿಡುತ್ತಿದ್ದರು. ನಾವು ಕರಾವಳಿಯವರು. ಯಕ್ಷಗಾನದ ಭಾಗವತರ ದನಿ ಗದ್ದೆ ದಾಟಿ ಕೊನೆಯ ಸಾಲಿನವನ ನಿದ್ದೆ ಕೆಡಿಸದಿದ್ದರೆ ಅದನ್ನು ಹಾಡು ಎಂದು ಒಪ್ಪಿಕೊಳ್ಳುವ ಪೈಕಿಯವರಲ್ಲ.

ಸಿ.ಡಿ. ತಂದವಳು ನನ್ನ ಮಗಳು ಶ್ವೇತಾ. ಥಾಣೆಯಿಂದ ನವಿ ಮುಂಬಯಿಗೆ ಹೊಸ ರೈಲು ಲೈನು ಶುರುವಾಗಿ ಎರಡು ಮೂರು ವರ್ಷ ಆಗಿತ್ತಷ್ಟೆ. ಆ ಲೈನಿನ ಭರವಸೆಯ ಮೇಲೆಯೇ ಅವಳನ್ನು ನೆರೂಳಿನ ಕಾಲೇಜಿಗೆ ಹಾಕಿದ್ದೆವು. ಕಾಲೇಜಿನ ಪತ್ರಿಕೆಗೆ ಅವಳು ಇಂಗ್ಲಿಷಿನಲ್ಲಿ ಒಂದು ಲೇಖನ ಬರೆಯಬೇಕಿತ್ತು. ಅವಳಿಗೆ ಹೊಳೆದದ್ದು ಇದು: ಈ ಒಂದು ಸಿ.ಡಿ.ಯನ್ನು ಸುತ್ತಮುತ್ತಲಿನವರಿಗೆಲ್ಲ ಕೇಳಿಸುವುದು, ಯಾರಿಗೆ ಏನನ್ನಿಸಿತು ಎಂದು ಬರೆದುಕೊಳ್ಳುವುದು. ಒಳ್ಳೆಯ ವಿಚಾರ. ನಾನು ಆ ದಿನವೇ ಮನಸ್ಸಿನಲ್ಲಿ ನನ್ನ ಅಭಿಪ್ರಾಯದ ಮೊದಲ ವಾಕ್ಯ ಸಿದ್ಧಪಡಿಸಿಕೊಂಡೆ, ಸಿ.ಡಿ. ಕೇಳುವ ಮೊದಲೇ.

ಮೊದಲು ಅವಳ ಅಮ್ಮನ ಸರದಿ. ನನ್ನ ಹೆಂಡತಿ ಬಂಗುಡೆ ಮೀನು ಕಾಯಿಸುತ್ತ ಇಡೀ ಸಿ.ಡಿ. ಕೇಳಿ, “ಅಡುಗೆ ಮಾಡುವಾಗ ಒಳ್ಳೆದುಂಟು. ನಡುವೆ ಕುಕ್ಕರ್ ಕೂಗಿದ್ರೂ ಏನೂ ತಪ್ಪಿ ಹೋಗುದಿಲ್ಲ” ಅಂದಳು. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಶರಣಪ್ಪ, ಕಲಬುರಗಿಯ ಕಡೆಯವನು, ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತು ಕಿವಿಗೆ ಇಯರ್‌ಫೋನಿನ ವಯರು ಸಿಕ್ಕಿಸಿಕೊಂಡು ಎರಡು ಹಾಡು ಕೇಳಿದ. “ಮಾತು ತಿಳೀಲಿಲ್ರಿ. ಆದ್ರ ಅಂವ ಯಾರ್ನೋ ಕಳಕೊಂಡಾನ್ರಿ. ಕಳಕೊಂಡ್ರೂ ಒದರವಲ್ಲ. ಛಲೋ ಮನಶ್ಯಾ” ಎಂದು ಹೇಳಿ ವಯರನ್ನು ಮಡಿಸಿ ವಾಪಸು ಕೊಟ್ಟ. ಮೂರನೇ ಮಹಡಿಯ ಮರಾಠಿ ಅಜ್ಜಿ, ಹಾಡು ಯಾವಾಗ ಶುರುವಾಗುತ್ತದೆ ಎಂದು ಕಾದು ಕಾದು ಕೊನೆಗೆ ಸಿ.ಡಿ.ಯೇ ಕೆಟ್ಟಿದೆ ಎಂದರಂತೆ. ಶ್ವೇತಾ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಒಬ್ಬೊಬ್ಬರದಾಗಿ ಸರದಿ ಮುಗಿಯುತ್ತಿತ್ತು. ನನ್ನದು ಬರಲಿಲ್ಲ.

ಇಲ್ಲಿ ನನ್ನ ಸ್ಥಾನಮಾನದ ಬಗ್ಗೆ ಎರಡು ಮಾತು ಹೇಳದೆ ವಿಧಿಯಿಲ್ಲ. ನಾವಿರುವ ಡೊಂಬಿವಲಿಯಲ್ಲಿ ಬೆಳಿಗ್ಗೆ ಥಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ ಸೀಟು ಬೇಕಾದರೆ ಮೊದಲು ವಿರುದ್ಧ ದಿಕ್ಕಿನಲ್ಲಿ ಕಲ್ಯಾಣಕ್ಕೆ ಹೋಗಬೇಕು. ಅಲ್ಲಿ ಗಾಡಿ ಖಾಲಿಯಾಗುತ್ತದೆ, ನಾವು ಏಳುವುದಿಲ್ಲ. ಅದೇ ಗಾಡಿ ಮತ್ತೆ ಹೊರಟಾಗ ಕಲ್ಯಾಣದವರ ಶಾಪ ಹೊತ್ತುಕೊಂಡು ನಮ್ಮ ಡೊಂಬಿವಲಿಯನ್ನೇ ಇನ್ನೊಮ್ಮೆ ದಾಟಿ ಆಫೀಸಿಗೆ ಹೋಗುತ್ತೇವೆ. ಹೀಗೆ ಸೀಟು ಹಿಡಿದ ಏಳೆಂಟು ಜನರದ್ದು ಒಂದು ಭಜನಾ ಮಂಡಳಿ. ಕಿಟಕಿಗೆ ವಿಠ್ಠಲನ ಪಟ, ಕೈಯಲ್ಲಿ ತಾಳ. ಅದರಲ್ಲಿ ಹಾಡು ಎತ್ತಿಕೊಡುವವನು ನಾನು. ಇಡೀ ಡಬ್ಬಿಯಲ್ಲಿ ಹಾಡಿನ ವಿಷಯದಲ್ಲಿ ಕೊನೆಯ ಮಾತು ನನ್ನದು.

ನಮ್ಮ ಮಂಡಳಿಯ ವಿಶ್ವಣ್ಣ ಕಲ್ಯಾಣದವನು. ಊರು ಕುಂದಾಪುರದ ಹತ್ತಿರ, ಥಾಣೆಯಲ್ಲಿ ಒಂದು ಹೋಟೆಲಿನ ಮ್ಯಾನೇಜರು. ಅವನಿಗಾಗಿ ನಾನು ದಿನಾ ನನ್ನ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸಿ ಇಟ್ಟಿರುತ್ತಿದ್ದೆ. ಒಳ್ಳೆಯ ಮನುಷ್ಯ. ಆದರೆ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನ ತಾಳ ಸರಿಯಾದ ಜಾಗದಲ್ಲಿ ಬಿದ್ದದ್ದಿಲ್ಲ.

ಶ್ವೇತಾ ಹೋಗಿ ಹೋಗಿ ಅವನ ಅಭಿಪ್ರಾಯ ಕೇಳಿದಳು.

ಒಂದು ಭಾನುವಾರ ಅವನು ನಮ್ಮ ಮನೆಗೆ ಬಂದು, ಸೋಫಾದ ಮೇಲೆ ಕಣ್ಣು ಮುಚ್ಚಿ ಕೂತು, ಹತ್ತೂ ಹಾಡು ಕೇಳಿ, “ಮಳೆ ನಿಂತ ಮೇಲೂ ಮನೆ ಮಾಡಿನಿಂದ ನೀರು ಬೀಳ್ತಾ ಇರ್ತದಲ್ಲ ಮಗಾ, ಹಾಗೆ ಉಂಟು. ನಿಂತಿತು ಅಂತ ಗ್ರಹಿಸುವಾಗ ಇನ್ನೊಂದು ಹನಿ” ಅಂದ. ನನ್ನ ಮಗಳ ಮುಖ ಅರಳಿತು. “ಅಂಕಲ್, ಎಕ್ದಮ್ ಸಹೀ” ಎಂದು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ನಾನು ಎದುರಿನ ಕುರ್ಚಿಯಲ್ಲಿ ಕೂತು ನಿನ್ನೆಯ ಪೇಪರು ಓದುತ್ತಿದ್ದೆ. ತಾಳ ತಪ್ಪುವವನಿಗೆ ಎರಡು ಗೆರೆ!

ಅಸೂಯೆಯನ್ನು ನಮ್ಮ ಹಳೆಯ ಅಲಂಕಾರಶಾಸ್ತ್ರಜ್ಞರು ಸಂಚಾರಿ ಭಾವಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಬಂದು ಹೋಗುವಂಥದು, ನಿಲ್ಲುವಂಥದಲ್ಲ ಎಂದು ಅದರ ಅರ್ಥ. ಅವರು ಡೊಂಬಿವಲಿಯವರನ್ನು ನೋಡಿರಲಿಲ್ಲ. ನಮ್ಮಲ್ಲಿ ಅದು ಹೋದಂತೆ ಮಾಡಿ, ಕಲ್ಯಾಣದಿಂದ ಸೀಟು ಹಿಡಿದುಕೊಂಡು ವಾಪಸು ಬರುತ್ತದೆ.

ಮರುದಿನ ಹೊಟ್ಟೆನೋವೆಂದು ಆಫೀಸಿಗೆ ರಜೆ ಹಾಕಿದೆ. ಪೂರ್ತಿ ಸುಳ್ಳೇನಲ್ಲ, ಉರಿಯುತ್ತಿದ್ದದ್ದು ಅಲ್ಲಿಯೇ. ಶ್ವೇತಾ ಕಾಲೇಜಿಗೆ, ಹೆಂಡತಿ ಮಾರ್ಕೆಟ್ಟಿಗೆ ಹೋದ ಮೇಲೆ ಬಾಗಿಲು ಹಾಕಿ ಸಿ.ಡಿ. ಹಚ್ಚಿದೆ. ಮೊದಲ ಸಲ ಕೇಳುವಾಗ ಮೂರನೇ ಹಾಡಿಗೆ ನಿದ್ದೆ ಬಂತು. ಎರಡನೇ ಸಲ ತಪ್ಪು ಹುಡುಕಲು ಪೆನ್ನು ಹಿಡಿದು ಕೂತೆ: ದನಿಯಲ್ಲಿ ಬಲವಿಲ್ಲ, ಪಲ್ಲವಿಯನ್ನು ಇಷ್ಟು ತಡವಾಗಿ ತರಬಾರದು, ಕೊನೆಯನ್ನು ಹೀಗೆ ಅರ್ಧಕ್ಕೆ ಬಿಡಬಾರದು. ಒಂದು ಪುಟ ತುಂಬಿತು. ಮೂರನೇ ಸಲ ಯಾಕೆ ಹಾಕಿದೆನೋ ಗೊತ್ತಿಲ್ಲ. ನಾಲ್ಕನೇ ಹಾಡು ಮುಗಿದಾಗ ಪೆನ್ನು ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಹೆಂಡತಿ ಬೆಲ್ ಒತ್ತಿದಾಗ ಕಳ್ಳನ ಹಾಗೆ ಸಿ.ಡಿ. ತೆಗೆದಿಟ್ಟು, ಆ ಪುಟ ಹರಿದು ಬಿಸಾಡಿದೆ.

ಆ ವಾರವೇ ಗಾಡಿಯಲ್ಲಿ ಒಂದು ಅನಾಹುತ ನಡೆಯಿತು. ದಿವಾ ಬಿಟ್ಟು ಮುಂಬ್ರಾದ ಕಡೆಗೆ ಹೋಗುವಾಗ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರದ ಖಾಡಿಯ ನೀರು, ನಾನು ಎಂದಿನಂತೆ ವಿಠ್ಠಲನ ನಾಮ ಎತ್ತಿಕೊಂಡೆ. ಬಾಯಿಯಿಂದ ಹೊರಟ ಧಾಟಿ ಆ ನಾಲ್ಕನೇ ಹಾಡಿನದು. ಗೊತ್ತಾಗುವಷ್ಟರಲ್ಲಿ ಮಂಡಳಿ ಎತ್ತಿಕೊಂಡಾಗಿತ್ತು. ನಿಲ್ಲಿಸುವ ಹಾಗಿರಲಿಲ್ಲ. ಯಾರೂ ಗಟ್ಟಿಯಾಗಿ ಹಾಡಲಿಲ್ಲ, ಆ ಧಾಟಿ ಅದಕ್ಕೆ ಬಿಡುವುದೇ ಇಲ್ಲ. ಬಾಗಿಲಲ್ಲಿ ಜೋತುಬಿದ್ದವರು ಕೂಡ ಮಾತು ನಿಲ್ಲಿಸಿದರು. ಅಷ್ಟು ನಿಧಾನದ ಹಾಡಾದ್ದರಿಂದ ವಿಶ್ವಣ್ಣನ ತಾಳ ಹನ್ನೊಂದು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಬಿತ್ತು. ಅವನು ಕಣ್ಣು ತೆರೆದು ನನ್ನನ್ನು ನೋಡಿದ. ಅವನಿಗೆ ಗೊತ್ತಾಗಿತ್ತು. ಉಳಿದವರು ಹೊಸ ಧಾಟಿ ಎಲ್ಲಿಯದೆಂದು ಕೇಳಿದಾಗ ನಾನು ಪಂಢರಪುರದ ಕಡೆಯದು ಅಂದೆ. ವಿಶ್ವಣ್ಣ ಕೆಮ್ಮಿದ, ಏನೂ ಹೇಳಲಿಲ್ಲ.

ಡಬ್ಬಿಯಲ್ಲಿ ಹೇಳಲಿಲ್ಲ ಅಷ್ಟೆ. ನನ್ನ ಮಗಳಿಗೆ ಹೇಳಿದ್ದಾನೆಂದು ಪತ್ರಿಕೆ ಬಂದ ಮೇಲೆ ತಿಳಿಯಿತು. ನಾಚಿಕೆಯಿಲ್ಲದೆ ಸಾಲು ಎಣಿಸಿದೆ. ವಿಶ್ವಣ್ಣನಿಗೆ ಅರ್ಧ ಪುಟ. ಶರಣಪ್ಪನಿಗೆ ಒಂಬತ್ತು ಸಾಲು. ಕೆಟ್ಟಿದೆ ಎಂದ ಅಜ್ಜಿಗೂ ಐದು ಸಾಲು. ಕಟ್ಟಕಡೆಗೆ ಎರಡು ವಾಕ್ಯ: “ನನ್ನ ಅಪ್ಪನ ಅಭಿಪ್ರಾಯವನ್ನು ನಾನು ಕೇಳಲಿಲ್ಲ. ಅವರು ಅದನ್ನು ವಿಠ್ಠಲನಿಗೆ ಹಾಡಿದರು.”

ಪತ್ರಿಕೆ ಮಡಿಸಿಟ್ಟೆ. ಆಮೇಲೆ ತಡೆಯಲಾರದೆ, ಎಲ್ಲರನ್ನೂ ಕೇಳಿ ನನ್ನನ್ನು ಮಾತ್ರ ಯಾಕೆ ಬಿಟ್ಟೆ ಎಂದೆ. ಶ್ವೇತಾ ತನ್ನ ಅರೆಬರೆ ಕನ್ನಡದಲ್ಲಿ, “ಪಪ್ಪಾ, ನೀವು ಎರಡನೇ ಲೈನಿಗೇ ಮಾರ್ಕ್ಸ್ ಹಾಕ್ತೀರಿ. ನಾನು ಛೋಟೀ ಇದ್ದಾಗಿಂದ. ನನಗೆ ಇಷ್ಟ ಆದ ಹಾಡಿಗೆ ಹತ್ತರಲ್ಲಿ ನಾಲ್ಕು. ಇದಕ್ಕೂ ನಾಲ್ಕು ಬಂದ್ರೆ ಅಂತ ಡರ್ ಇತ್ತು” ಅಂದಳು. ನಾನು ನಾಲ್ಕು ಹಾಕಿದ ಹಾಡುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವಳಿಗೆ ಎಲ್ಲವೂ ನೆನಪಿದ್ದವು.

ಮುಂದಿನ ಶನಿವಾರ ಅವಳು ಲೇಡೀಸ್ ಡಬ್ಬಿ ಬಿಟ್ಟು ನನ್ನೊಂದಿಗೆ ಹತ್ತಿದಳು. ಕರವಸ್ತ್ರದ ಜಾಗದಲ್ಲಿ ಕೂತಳು. ಆ ದಿನ ಕರವಸ್ತ್ರ ಕಿಸೆಯಲ್ಲಿಯೇ ಇತ್ತು, ಸಂತೋಷದಿಂದ ಇತ್ತು. ಠಾಕುರ್ಲಿ ಬರುವ ಮೊದಲು ವಯರಿನ ಒಂದು ತುದಿ ನನ್ನ ಕಿವಿಗೆ ಕೊಟ್ಟು, ಅದೇ ಬ್ಯಾಂಡಿನವರ ಇನ್ನೊಂದು ಸಿ.ಡಿ. ಸಿಕ್ಕಿದೆ ಅಂದಳು. ಕಲ್ಯಾಣ ಬಂತು, ಜನ ನುಗ್ಗಿದರು. ವಿಶ್ವಣ್ಣ ಬಂದು ತನ್ನ ಸೀಟು ನೋಡಿ ನಕ್ಕು ನಿಂತುಕೊಂಡ. ನಿಲ್ಲಲಿ ಎಂದು ನಾನು ಕಿಟಕಿಯ ಹೊರಗೆ ನೋಡಿದೆ. ಆದರೆ ಶ್ವೇತಾ ಎದ್ದು, “ಅಂಕಲ್, ಬೈಠಿಯೇ” ಎಂದು ಅವನನ್ನು ಕೂರಿಸಿ, ತನ್ನ ಕಿವಿಯಲ್ಲಿದ್ದ ವಯರಿನ ತುದಿಯನ್ನೂ ಅವನಿಗೆ ಕೊಟ್ಟುಬಿಟ್ಟಳು.

ಹೀಗೆ ಒಂದೇ ವಯರಿನ ಎರಡು ತುದಿಗೆ ನಾನೂ ಅವನೂ ಸಿಕ್ಕಿಕೊಂಡು ಹೊರಟೆವು. ಎದುರಿಗೆ ಕಂಬ ಹಿಡಿದು ನಿಂತ ಮಗಳು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಎರಡನೇ ಸಾಲು ಮುಗಿಯುತ್ತಿದ್ದಂತೆ ವಿಶ್ವಣ್ಣ ನನ್ನ ಕಡೆಗೆ ಬಾಗಿ, “ಹೇಗುಂಟು?” ಅಂದ.

“ಮುಗಿಯಲಿ” ಅಂದೆ ನಾನು.