ಹಾಸಿಗೆ ಸಾಹುಕಾರರ ಎರಡನೇ ರಾತ್ರಿ

ಮೂವತ್ತೊಂದು ವರ್ಷ ಪೇಟೆಯಲ್ಲಿ ಹಾಸಿಗೆ ಮಾರಿದವನಿಗೆ ನಿದ್ದೆಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಹಾಸಿಗೆ ಸಾಹುಕಾರರು ನಂಬಿದ್ದರು. ಆ ಧೈರ್ಯದ ಮೇಲೆಯೇ ಅಂಗಡಿಯನ್ನು ಹೆಂಡತಿಯ ತಮ್ಮನಿಗೆ ಬಿಟ್ಟುಕೊಟ್ಟು, ಪೇಟೆಯಾಚೆ ಹೊಲಗಳ ನಡುವೆ ಒಂದು ಹಳೇ ಮಹಡಿಮನೆ ಕೊಂಡು, ನಾಲ್ಕು ಕೋಣೆಗೆ ಸುಣ್ಣ ಹೊಡೆಸಿ, ಗೇಟಿಗೆ ‘ರಾತ್ರಿ ವಸತಿ, ಬೆಳಗಿನ ತಿಂಡಿ’ ಎಂದು ಬೋರ್ಡು ತಗುಲಿಸಿದ್ದರು. ಗಿರಾಕಿಗಳ ಎದುರು ದಿನವಿಡೀ ನಿಂತು ನಿಂತು ಮಂಡಿ ಸವೆದಿತ್ತು. ಇನ್ನು ಮೇಲೆ ಗಿರಾಕಿ ಮಲಗಲಿ, ನಾನು ಕೂರುತ್ತೇನೆ ಎಂಬುದು ಅವರ ಲೆಕ್ಕಾಚಾರ.

ಹೆಂಡತಿ ಒಪ್ಪಿದ್ದು ಒಂದು ಷರತ್ತಿನ ಮೇಲೆ. “ನೋಡಿ, ಒಂದು ರಾತ್ರಿ ಬಂದು ಹೋಗೋರಿಗೆ ದಿನಾ ಬೆಡ್‌ಶೀಟ್ ಒಗೆದು ಹಾಕೋಕೆ ನನ್ನ ಕೈಲಾಗಲ್ಲ. ಈ ಸೀಸನ್ ಮುಗಿಯೋದ್ರೊಳಗೆ ಒಬ್ಬರಾದ್ರೂ ಎರಡನೇ ರಾತ್ರಿ ಉಳೀಬೇಕು. ಇಲ್ಲಾಂದ್ರೆ ಬೀಗ ಹಾಕಿ ಪೇಟೆಗೆ ನಡೀರಿ.”

“ಉಳಿಯೋದೇನು, ಎಬ್ಬಿಸಿ ಕಳಿಸಬೇಕಾಗತ್ತೆ, ನೋಡ್ತಿರು!”

ಎಬ್ಬಿಸುವ ಪ್ರಸಂಗವೇ ಬರಲಿಲ್ಲ. ಬಂದವರೆಲ್ಲ ಬೆಳಿಗ್ಗೆ ಆರಕ್ಕೇ ಚೀಲ ಕಟ್ಟಿಕೊಂಡು, ಕೆಂಪು ಕಣ್ಣು ಬಿಟ್ಟುಕೊಂಡು ತಿಂಡಿಗೆ ಇಳಿಯುತ್ತಿದ್ದರು. ಮೂರು ದಿನಕ್ಕೆಂದು ಬಂದವರಿಗೂ ಬೆಳಗಾಗುವಷ್ಟರಲ್ಲಿ ಊರಲ್ಲಿ ಅತ್ತೆಗೋ ಚಿಕ್ಕಪ್ಪನಿಗೋ ಹುಷಾರು ತಪ್ಪುತ್ತಿತ್ತು. ಹೋಗುವಾಗ ಅಭಿಪ್ರಾಯ ಪುಸ್ತಕದಲ್ಲಿ ಮಾತ್ರ ತಪ್ಪದೆ ಬರೆಯುತ್ತಿದ್ದರು: ಶಾಂತ ಪರಿಸರ. ತಿಂಡಿ ರುಚಿ. ಯಜಮಾನರು ಮಾತುಗಾರರು.

“ಮಾತುಗಾರರು ಅಂದ್ರೆ ಹೊಗಳಿದ್ದಾ, ಬೈದಿದ್ದಾ?”

“ಬರೆದೋರನ್ನೇ ಕೇಳಿ. ಓಡಿದ್ರೆ ಬಸ್‌ಸ್ಟಾಪಲ್ಲಿ ಸಿಗ್ತಾರೆ.”

ಸಾಹುಕಾರರು ಮೊದಲು ಸಂಶಯಪಟ್ಟಿದ್ದು ಪಕ್ಕದ ಹೊಲದವನ ಹುಂಜವನ್ನು. ಹೊಲದವನ ಕೈಕಾಲು ಹಿಡಿದು ಅದರ ಗೂಡನ್ನು ಆಚೆ ಬದಿಗೆ ಸಾಗಿಸಿದ್ದಾಯಿತು. ಆಮೇಲೆ ಕಿಟಕಿಗೆ ದಪ್ಪ ಪರದೆ ಬಂತು, ಬಾಗಿಲಿನ ತಿರುಗಣಿಗಳಿಗೆ ಎಣ್ಣೆ ಬಿತ್ತು. ರಾತ್ರಿ ಕಾಫಿಯೇ ನಿದ್ದೆ ಕೆಡಿಸುತ್ತಿರಬೇಕೆಂದು ಅದನ್ನೂ ನಿಲ್ಲಿಸಿದರು. ಮಾರನೆಯ ದಿನ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಯಿತು, ‘ರಾತ್ರಿ ಕಾಫಿ ಸಿಗುವುದಿಲ್ಲ’ ಎಂದು. ಜನ ನಿಲ್ಲಲಿಲ್ಲ.

ಅವರ ಮೈ ಉರಿಸುತ್ತಿದ್ದದ್ದು ಬಿಟ್ಟುಹೋದ ಕೋಣೆಗಳ ಅವತಾರ. ಹೊದಿಕೆ ನೆಲದ ಮೇಲೆ, ಬೆಡ್‌ಶೀಟ್ ಹಗ್ಗದಂತೆ ಹೊಸೆದು ಹೊದಿಕೆಯ ಕೆಳಗೆ, ದಿಂಬು ಮಂಚದಡಿ. “ಮಲಗೋಕೆ ಬಂದಿದ್ರೋ, ಕುಸ್ತಿಗೆ ಬಂದಿದ್ರೋ!” ಎಂದು ದಿನವೂ ಕೂಗಾಡುತ್ತಿದ್ದರು. ಹೆಂಡತಿ ಹೊಸ ಬೆಡ್‌ಶೀಟ್ ಹಾಸುತ್ತಿದ್ದಳು.

ಹಾಸುತ್ತಿದ್ದದ್ದು ಪ್ಲಾಸ್ಟಿಕ್ಕಿನ ಮೇಲೆ. ಎಂಟೂ ಹಾಸಿಗೆ ಅಂಗಡಿಯ ಹೊಸ ಮಾಲು, ಕಾರ್ಖಾನೆಯ ಕವರು ಹಾಗೇ ಇತ್ತು. ಹಾಸಿಗೆ ವ್ಯಾಪಾರದಲ್ಲಿ ಕವರು ಇದ್ದರೆ ಹೊಸದು, ಹರಿದರೆ ಹಳೆಯದು, ಮಧ್ಯೆ ಬೇರೆ ದರ್ಜೆಯಿಲ್ಲ. ಭಾವಮೈದ ಬೇರೆ ಹೊರಡುವ ದಿನವೇ ಮಾತು ಕೊಟ್ಟಿದ್ದ: “ಭಾವ, ವಸತಿಗೃಹ ನಡೀಲಿಲ್ಲ ಅಂದ್ರೆ ಚಿಂತೆ ಬೇಡ, ಎಂಟೂ ವಾಪಸ್ ತಗೋತೀನಿ. ಕವರು ಬಿಚ್ಚಿರಬಾರದು ಅಷ್ಟೇ.” ಮೊದಲ ದಿನ ಹೆಂಡತಿ “ಇದನ್ನ ತೆಗೀರಿ” ಎಂದಾಗ ಸಾಹುಕಾರರು “ವ್ಯಾಪಾರ ನನಗೆ ಹೇಳಿಕೊಡಬೇಡ” ಎಂದು ಬಾಯಿ ಮುಚ್ಚಿಸಿದ್ದರು. ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ಸಾಹುಕಾರರಂತೂ ಕೆಳಗೆ ಹಳೇ ಹತ್ತಿ ಹಾಸಿಗೆಯಲ್ಲಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು.

ಸೀಸನ್ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಕೆಳಗಿನ ಮಲಗುವ ಕೋಣೆಯ ಕಿಟಕಿಗೆ ಗೆದ್ದಲು ಹಿಡಿದು ಬಡಗಿ ಬಂದು ಕೂತಿದ್ದ. ಧೂಳು ತಾಳಲಾರದೆ ಸಾಹುಕಾರರು ಊಟ ಮುಗಿಸಿ, ಒಂದು ಜೊಂಪು ತೆಗೆಯೋಣವೆಂದು ಮೊದಲ ಸಲ ಮೇಲಿನ ಮೂರನೇ ಕೋಣೆಗೆ ಹೋಗಿ ಅಡ್ಡಾದರು.

ಎಡಕ್ಕೆ ತಿರುಗಿದರೆ ಚರ್ರ್. ಮಂಡಿ ಎತ್ತಿದರೆ ಪರಪರ. ಅಲ್ಲಾಡದೆ ಮಲಗಿದರೆ ಉಸಿರಾಟಕ್ಕೇ ಸದ್ದು, ಯಾರೋ ಬೆನ್ನಡಿ ಕೂತು ಬಿಡುವಿಲ್ಲದೆ ಪೊಟ್ಟಣ ಬಿಚ್ಚಿದ ಹಾಗೆ. ಬೆನ್ನು ಬೆವರಿತು. ಬೆಡ್‌ಶೀಟ್ ಒಂದು ಕಡೆ ಜಾರಿತು, ಅವರು ಇನ್ನೊಂದು ಕಡೆ ಜಾರಿದರು. ಅರ್ಧ ಗಂಟೆಯಲ್ಲಿ ಸಾಹುಕಾರರು ನೆಲದ ಮೇಲಿದ್ದರು, ಕಾಲಿಗೆ ಹಗ್ಗದಂತೆ ಹೊಸೆದ ಬೆಡ್‌ಶೀಟ್. ದಿಂಬು ಹುಡುಕಿದರು. ಮಂಚದಡಿ ಇತ್ತು.

ಕೆಳಗಿಳಿದು ಬಂದಾಗ ಹೆಂಡತಿ ಹಣ್ಣು ಹೆಚ್ಚುತ್ತಿದ್ದಳು. “ಕುಸ್ತೀಲಿ ಯಾರು ಗೆದ್ರು?”

“ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?”

“ಹೇಳಿದ್ದೆ.”

“ಒಂದು ಸಲ! ಹತ್ತು ಸಲ ಹೇಳಬೇಕಿತ್ತು.”

“ಯಾಕೆ ಹೇಳ್ಲಿ? ನೀವು ಅಂಗಡಿ ಬಿಟ್ಟಿದ್ರೆ ತಾನೆ! ಇದು ನಿಮ್ಮ ಗೋಡೌನು ಕಣ್ರೀ. ಗೋಡೌನಲ್ಲಿ ಜನ ಒಂದು ರಾತ್ರಿ ಮಲಗಿದ್ದೇ ದೊಡ್ಡದು.”

ಸಾಹುಕಾರರಿಗೆ ಸಿಟ್ಟು ಬಂತು. ಸಿಟ್ಟಿನಲ್ಲೂ ಫೋನೆತ್ತಿ ಭಾವಮೈದನನ್ನು ವಿಚಾರಿಸಿದರು: “ಕವರಿನ ಒಂದು ಬದಿ ನೀಟಾಗಿ ಕತ್ತರಿಸಿ, ಆಮೇಲೆ ಸಣ್ಣ ಟೇಪು ಹಾಕಿದ್ರೆ?”

“ಭಾವ, ಆ ಟೇಪಿನ ಉಪಾಯ ನನಗೆ ಕಲಿಸಿದ್ದೇ ನೀವು.”

ಫೋನು ಕೆಳಗಿಟ್ಟು, ಅಂಗಡಿಯ ಹಳೇ ಚಾಕು ಹುಡುಕಿ ಮೇಲೆ ಹೋದರು. ಎಂಟು ಕವರು ಸೀಳಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಒಂದೊಂದು ಹರಿದಾಗಲೂ ಹಲ್ಲು ಕೀಳಿಸಿಕೊಂಡವರ ಮುಖ.

ಆಮೇಲೆ ಆರು ದಿನ ಒಂದು ನರಪಿಳ್ಳೆಯೂ ಗೇಟಿನತ್ತ ಸುಳಿಯಲಿಲ್ಲ. ಸಾಹುಕಾರರು ಬೋರ್ಡು ಒರೆಸಿದರು, ಮತ್ತೆ ಒರೆಸಿದರು. ಏಳನೆಯ ದಿನ ಸಂಜೆ ಒಬ್ಬ ಮೇಷ್ಟ್ರು ಹೆಂಡತಿಯೊಂದಿಗೆ ಕಾರಿನಲ್ಲಿ ಬಂದು ಒಂದೇ ರಾತ್ರಿಗೆ ಕೋಣೆ ಹಿಡಿದರು.

ಬೆಳಿಗ್ಗೆ ಆರಾಯಿತು, ಯಾರೂ ಇಳಿಯಲಿಲ್ಲ. ಎಂಟಾಯಿತು. ಮೊಟ್ಟೆ ತಣ್ಣಗಾಯಿತು, ಕಾಯಿಸಿದ ಬ್ರೆಡ್ಡು ಹಲಗೆಯಾಯಿತು. ಒಂಬತ್ತೂವರೆಗೆ ಸಾಹುಕಾರರು ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟು ನಿಂತರು. “ಬದುಕಿದ್ದಾರಾ ಅಂತ ನೋಡಿ ಬರ್ಲಾ?”

“ಸುಮ್ನೆ ಕೂತ್ಕೊಳ್ಳಿ. ಜನ್ಮದಲ್ಲಿ ಮೊದಲ ಸಲ ಒಬ್ಬರಿಗೆ ನಿದ್ದೆ ಬರಿಸಿದ್ದೀರಿ.”

ಹತ್ತೂವರೆಗೆ ಮೇಷ್ಟ್ರು ಇಳಿದರು, ಕೆನ್ನೆಯ ಮೇಲೆ ದಿಂಬಿನ ಗೆರೆ. “ಯಜಮಾನ್ರೇ, ನನ್ನ ಹೆಂಡತಿ ಇನ್ನೂ ಎದ್ದಿಲ್ಲ. ಅವಳು ಹೀಗೆ ಮಲಗಿದ್ದು ಎಷ್ಟು ವರ್ಷ ಆಯ್ತೋ! ಆ ಹಾಸಿಗೆ ನನಗೆ ಕೊಡ್ತೀರಾ? ಹೊಸದರ ಬೆಲೇನೇ ಕೊಡ್ತೀನಿ. ಕಾರಿನ ಮೇಲೆ ಕಟ್ಟಿಕೊಂಡು ಇವತ್ತೇ ಹೊರಡ್ತೀವಿ.”

ಕವರು ಹರಿದ ಹಾಸಿಗೆಗೆ ಹೊಸದರ ಬೆಲೆ! ಮೂವತ್ತೊಂದು ವರ್ಷದಲ್ಲಿ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಸಾಹುಕಾರರ ನಾಲಿಗೆಯ ತುದಿಗೆ ದರ ಬಂದು ಕೂತಿತು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಸಾಹುಕಾರರು ಅಡುಗೆಮನೆಯತ್ತ ಒಮ್ಮೆ ತಿರುಗಿ ನೋಡಿದರು. “ಮಾರಾಟಕ್ಕಿಲ್ಲ, ಮೇಷ್ಟ್ರೇ. ಅದರ ಮೇಲೆ ಮಲಗಬೇಕು ಅಂದ್ರೆ ಇಲ್ಲೇ ಇರಬೇಕು.”

ಮೇಷ್ಟ್ರು ಮೆಟ್ಟಿಲ ಕಡೆ ನೋಡಿ ತಲೆ ಕೆರೆದುಕೊಂಡರು. “ಹಾಗಾದ್ರೆ ಇವತ್ತೂ ಇರ್ತೀವಿ ಬಿಡಿ. ನಾಳೆ ತಿಂಡಿ ಸ್ವಲ್ಪ ತಡವಾಗಿ ಮಾಡ್ಸಿ.”

ಅವರು ಹೆಂಡತಿಯನ್ನು ಎಬ್ಬಿಸಲು ಮೇಲೆ ಹೋದ ಮೇಲೆ ಸಾಹುಕಾರರು ಅಡುಗೆಮನೆಯ ಬಾಗಿಲಿಗೆ ಒರಗಿದರು. “ಹೊಸದರ ಬೆಲೆ ಅಂದನಲ್ಲೇ...”

“ಕೇಳಿಸ್ತು. ಮೊಟ್ಟೆ ಮತ್ತೆ ಬೇಯಿಸಬೇಕು, ತಗೊಂಡು ಬನ್ನಿ.”