ಚಾಂದ್ ಬೀ ಜೋಲಿಯೂ ಪುಯಿಯ ಮಗುವೂ

ಲಿಂಗರಾಜಪುರದಲ್ಲಿ ನಮ್ಮ ಅಂಗನವಾಡಿಯ ಹಿಂದಿನ ಓಣಿಯಲ್ಲಿ ಚಾಂದ್ ಬೀ ಮನೆ. ಕೆಲಸಕ್ಕೆ ಹೋಗುವ ತಾಯಂದಿರ ಎಳೆಮಕ್ಕಳನ್ನು ಇಪ್ಪತ್ತೆಂಟು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಹಳೇ ಸೀರೆಯ ಜೋಲಿಗೆ ಹಾಕಿ, ದಖ್ಖನಿಯಲ್ಲೊಂದು ಲಾಲಿ ಗುನುಗಿದರೆ ಎಂಥ ಹಟಮಾರಿಯೂ ಹತ್ತು ನಿಮಿಷಕ್ಕೆ ಮಲಗಬೇಕು. ಮಲಗದಿದ್ದರೆ ಅದು ಮಗುವಿನ ತಪ್ಪು, ಅವರದಲ್ಲ. ಅಂಗನವಾಡಿ ಟೀಚರಾದ ನಾನೂ ಹಾಗೇ ನಂಬಿದ್ದೆ.

ಹೋದ ಜೂನ್‌ನಲ್ಲಿ ಪುಯಿ ಬಂದಳು. ಮಿಜೋರಾಂ ಕಡೆಯ ಹುಡುಗಿ. ಅವಳಿಗೆ ಇಂದಿರಾನಗರದ ಪಾರ್ಲರಿನಲ್ಲಿ ಕೆಲಸ, ಗಂಡನಿಗೆ ಹೋಟೆಲಿನ ಅಡುಗೆಮನೆಯಲ್ಲಿ. ಏಳು ತಿಂಗಳ ಮಗ ಕಿಮಾನನ್ನು ಬಟ್ಟೆಯಲ್ಲಿ ಬೆನ್ನಿಗೆ ಬಿಗಿದುಕೊಂಡೇ ನನ್ನ ಮುಂದೆ ನಿಂತಳು. ಸೋಮವಾರ ಅವಳು ಕೆಲಸಕ್ಕೆ ಮರಳದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಮಗು ಇಲ್ಲಿ ಯಾರ ಹತ್ತಿರವೂ ಇರದಿದ್ದರೆ, ಭಾನುವಾರ ಊರಿಗೆ ಹೊರಟಿರುವ ತನ್ನ ಅಕ್ಕನ ಜೊತೆ ಅಜ್ಜಿಯ ಮನೆಗೆ ಕಳಿಸಬೇಕು.

"ಆಮೇಲೆ ಒಂದು ವರ್ಷ ನೋಡಕ್ಕಾಗಲ್ಲ ಮೇಡಂ" ಎಂದಳು ಹಿಂದಿಯಲ್ಲಿ.

ಗುರುವಾರವೇ ಚಾಂದ್ ಬೀ ಮನೆಗೆ ಕರೆದುಕೊಂಡು ಹೋಗಿ ಸಂಗತಿಯೆಲ್ಲ ಹೇಳಿದೆ. ಇವನು ಬೆನ್ನ ಮೇಲೆ ಮಾತ್ರ ಮಲಗುತ್ತಾನೆ ಎಂದು ಪುಯಿ ಹಿಂದಿಯಲ್ಲಿ ಹೇಳಿ, ಬಟ್ಟೆ ಕಟ್ಟುವ ಬಗೆ ತೋರಿಸಲು ಹೋದಳು. ಚಾಂದ್ ಬೀ ಮಗುವನ್ನು ಕಿತ್ತುಕೊಂಡರು.

"ಕಾಲು ಸೊಟ್ಟ ಆಗ್ತದೆ. ಮಕ್ಳೇನು ಮೂಟೆನಾ ಬೆನ್ನಿಗೆ ಕಟ್ಟಕ್ಕೆ?"

ಹತ್ತು ಹೆತ್ತವಳಿಗೆ ಒಂದು ಹೆತ್ತವಳು ಮುಕ್ಕೋದು ಹೇಳಿಕೊಟ್ಟಳಂತೆ ಎಂದು ನಾನೂ ಒಗ್ಗರಣೆ ಹಾಕಿ ನಕ್ಕೆ. ಗಾದೆ ಪುಯಿಗೆ ಅರ್ಥವಾಗಲಿಲ್ಲ, ನಗು ಅರ್ಥವಾಯಿತು. ನನ್ನ ಬಾಯಿಗೊಂದು ಬೀಗ ಹಾಕಬೇಕು.

ಆ ದಿನವಿಡೀ ಮಗು ಅತ್ತಿತು. ಶುಕ್ರವಾರವೂ ಅಷ್ಟೇ, ಕೊನೆಕೊನೆಗೆ ದನಿಯೇ ಬಿದ್ದುಹೋಯಿತು. ಚಾಂದ್ ಬೀ ದೃಷ್ಟಿ ತೆಗೆದರು, ಸಾಂಬ್ರಾಣಿ ಹೊಗೆ ಹಾಕಿದರು, ಗಂಜಿ ಕುಡಿಸಲು ಹೋಗಿ ಮೈಮೇಲೆಲ್ಲ ಉಗಿಸಿಕೊಂಡರು. ಎತ್ತಿ ಎತ್ತಿ ಅಭ್ಯಾಸ ಕೆಡಿಸಿದ್ದೀಯ ಎಂದು ನಾನು ಪುಯಿಗೆ ಬೈದೆ. ಅವಳು ಎರಡೂ ದಿನ ಹೊರಗೆ ಮೆಟ್ಟಿಲ ಮೇಲೆ ಕೂತು ಅಳು ಕೇಳಿಸಿಕೊಂಡಳು. ಶುಕ್ರವಾರ ಸಂಜೆ ಮಗುವಿನ ಬಟ್ಟೆಗಳನ್ನು ಅಕ್ಕನ ಬ್ಯಾಗಿಗೆ ತುಂಬಿಟ್ಟಳಂತೆ.

ಶನಿವಾರ ಮಧ್ಯಾಹ್ನ, ಇನ್ನು ಸಾಕು ಬಿಡಿ ಎಂದು ಹೇಳಲು ನಾನು ಹೋದಾಗ ಚಾಂದ್ ಬೀ ಜೋಲಿ ತೂಗುವುದನ್ನು ನಿಲ್ಲಿಸಿ ಸುಮ್ಮನೆ ಕೂತಿದ್ದರು. ಕಿಮಾ ಕಿರುಚುತ್ತಲೇ ಇದ್ದ.

"ಹಂಸಾ, ಆ ಹುಡುಗೀನ ಒಳಕ್ಕೆ ಕರಿ" ಎಂದರು ನನಗೆ.

ಪುಯಿ ಬಂದವಳೇ ಹಾಲಿನ ಬಾಟಲಿ, ಟೋಪಿ ಎಲ್ಲ ಎತ್ತಿಕೊಳ್ಳತೊಡಗಿದಳು. ಮುಗಿಯಿತು ಎಂದೇ ಅಂದುಕೊಂಡಿದ್ದಳು. ಚಾಂದ್ ಬೀ ಅವಳಿಗೆ ಬೆನ್ನು ಮಾಡಿ ಬಗ್ಗಿ ನಿಂತರು.

"ಕಟ್ಟು" ಎಂದರು ಹಿಂದಿಯಲ್ಲಿ. "ನಂಗೆ ಬರಲ್ಲ. ನೀನೇ ಹೇಳಿಕೊಡು."

ಪುಯಿ ನನ್ನ ಮುಖ ನೋಡಿದಳು. ಆಮೇಲೆ ಮಗುವನ್ನು ಜೋಲಿಯಿಂದೆತ್ತಿ ಆ ಬೆನ್ನ ಮೇಲಿಟ್ಟು ಬಟ್ಟೆ ಸುತ್ತಿದಳು. ಮೊದಲ ಗಂಟು ಜಾರಿತು. ಬಟ್ಟೆಯನ್ನು ಕಂಕುಳ ಕೆಳಗಿಂದ ತಂದು ಇನ್ನೊಮ್ಮೆ ಬಿಗಿದಳು. ಚಾಂದ್ ಬೀ ಗೋಡೆ ಹಿಡಿದು ನೆಟ್ಟಗಾಗಿ, ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ನಡೆದರು. ನಾಲ್ಕನೇ ಸುತ್ತಿಗೆ ಅಳು ನಿಂತಿತು. ಆಮೇಲೆ ಅವರ ಬೆನ್ನಿಗೆ ಕೆನ್ನೆ ಒತ್ತಿ ಮಲಗಿಯೇಬಿಟ್ಟ, ಕಳ್ಳ.

"ಸೊಂಟ ನೋಯಲ್ವಾ ಅಮ್ಮಾ?" ಎಂದೆ.

"ನೋಯ್ತದೆ. ಕೂಸು ಅಮ್ಮನ್ನ ಬಿಟ್ಟು ಅಷ್ಟು ದೂರ ಹೋದ್ರೆ ಇವಳಿಗೆ ನೋಯಲ್ವಾ?"

ತಪ್ಪಾಯ್ತು ಕಣಮ್ಮ ಎಂದು ಪುಯಿಯ ಕೈ ಹಿಡಿದುಕೊಂಡೆ. ಅವಳು ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅಕ್ಕನಿಗೆ ಫೋನ್ ಮಾಡುತ್ತಿದ್ದಳು.

ಭಾನುವಾರ ಅಕ್ಕ ಒಬ್ಬಳೇ ರೈಲು ಹತ್ತಿದಳು.