ಪ್ರಶ್ನೆ ನನ್ನದು, ಉತ್ತರ ಅಜ್ಜಿಯದು

ನಮ್ಮ ಅಜ್ಜಿಗೆ ಇಂಗ್ಲಿಷ್ ಬರುತ್ತಿತ್ತು ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಅವರದೇನು ತಪ್ಪು? ಅಕ್ಷರ ತಿಳಿಯದ ಹೆಂಗಸು, ಹಣೆ ತುಂಬ ವಿಭೂತಿ, ಕುರುಗೋಡು ಬಿಟ್ಟರೆ ತವರೂರು ಸಿರುಗುಪ್ಪ, ಅದೂ ಬಿಟ್ಟರೆ ಮೂರನೆಯ ಊರಿನ ನೀರು ಕುಡಿದವಳಲ್ಲ. ಅಂಥವಳು ಬಳ್ಳಾರಿಯ ಹೈಸ್ಕೂಲಿನ ಜಗಲಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಉತ್ತರ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೇಳಿದ್ದೇನೆ ಏನು ಬಂತು, ಆ ಉತ್ತರಗಳಿಂದ ನನ್ನ ಓದೇ ಮುಳುಗುವುದರಲ್ಲಿತ್ತು.

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಚೀಟಿ, ಸಕ್ಕರೆಗೆ ಚೀಟಿ. ಪುಸ್ತಕಕ್ಕೆ ಮಾತ್ರ ಚೀಟಿಯೂ ಇಲ್ಲ, ಪುಸ್ತಕವೂ ಇಲ್ಲ. ಆ ವರ್ಷ ಸಿರುಗುಪ್ಪದಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದ ಮೇಷ್ಟ್ರ ಹತ್ತಿರ ಇಂಗ್ಲಿಷಿನದು ಅಂತ ಒಂದೇ ಪುಸ್ತಕವಿತ್ತು, ಅದಕ್ಕೂ ಮುಂದಿನ ರಟ್ಟಿಲ್ಲ, ಹಿಂದಿನ ರಟ್ಟಿಲ್ಲ. ಮೇಷ್ಟ್ರು ಭಜನೆ ಮೇಳದಲ್ಲಿ ಹಾಡುವ ಮನುಷ್ಯ. ಒಂದು ವಾರ ಆ ಪುಸ್ತಕವನ್ನು ಮೂವತ್ತು ಮಕ್ಕಳ ಕೈಯಿಂದ ಕೈಗೆ ದಾಟಿಸಿ ನೋಡಿದರು. ಎಂಟನೆಯ ದಿನ ಪುಸ್ತಕ ಪಕ್ಕಕ್ಕಿಟ್ಟು ತಾಳ ಹಿಡಿದುಕೊಂಡು ಬಂದರು.

"ಇಂಗ್ಲೀಷು ಅಂದ್ರ ಹುಲಿ ಅಲ್ರಲೇ. ಹಾಡಿಗೆ ಕಟ್ಟಿದ್ರ ಎಂಥಾ ಭಾಷಿನೂ ಬಾಲ ಅಲ್ಲಾಡಿಸ್ಕೊಂತ ಹಿಂದ ಬರ್ತೈತಿ. ಎದ್ದು ನಿಂದರ್ರಿ!"

ನಿಂತೆವು. ನಿಂತವರು ಆ ವರ್ಷ ಪೂರ್ತಿ ಕೂರಲೇ ಇಲ್ಲ ಅನ್ನಬೇಕು. ವಾರದ ಹೆಸರಿಗೆ ಒಂದು ಧಾಟಿ, ಅಂಕಿಗೆ ಒಂದು ಧಾಟಿ, ಮೈಯ ಅವಯವಗಳಿಗೆ ಕುಣಿಯುತ್ತ ಹೇಳುವ ಧಾಟಿ. ಮೂಗು ಕಿವಿ ಮುಟ್ಟಿಕೊಂಡು ನಾವು ಕುಣಿಯುತ್ತಿದ್ದರೆ ಸಂತೆಗೆ ಹೋಗುವವರು ಎತ್ತು ನಿಲ್ಲಿಸಿ ನೋಡುತ್ತಿದ್ದರು.

ನಾನು ಐದನೆಯ ಕ್ಲಾಸು. ಅಲ್ಲಿಂದ ಮುಂದೆ ನಮ್ಮೂರಲ್ಲಿ ಹೆಣ್ಣುಮಕ್ಕಳಿಗೆ ಕ್ಲಾಸಿರಲಿಲ್ಲ. ಓದಬೇಕೆಂದರೆ ಬಳ್ಳಾರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಬೇಕು. ಅದಕ್ಕೆ ಮೊದಲು ಅಲ್ಲಿನ ಹೈಸ್ಕೂಲಿನವರು ಕರೆದು ಇಂಗ್ಲಿಷಿನಲ್ಲಿ ಬಾಯಿಮಾತಿನ ಪರೀಕ್ಷೆ ಮಾಡುತ್ತಾರೆ. ಅಪ್ಪ ಒಂದೇ ಮಾತು ಹೇಳಿಬಿಟ್ಟಿದ್ದ: "ಪಾಸಾದ್ರ ಮಾವನ ಮನ್ಯಾಗ ಇದ್ದು ಓದು. ಇಲ್ಲಾಂದ್ರ ಪಾಟಿ ಅಟ್ಟಕ್ಕ ಒಗದು ಹತ್ತಿ ಬಿಡಿಸಾಕ ಬಾ. ಎರಡನೇ ಸಲ ಕೇಳಂಗಿಲ್ಲ."

ಮೇಷ್ಟ್ರು ನನಗಾಗಿಯೇ ಒಂದು ಉದ್ದನೆಯ ಹಾಡು ಕಟ್ಟಿದರು. ನಲವತ್ತು ಪ್ರಶ್ನೆ, ನಲವತ್ತು ಉತ್ತರ. ಆಕಳು ಎಲ್ಲಿದೆ, ಹೊಲದಲ್ಲಿದೆ. ಬೆಕ್ಕು ಎಲ್ಲಿದೆ, ಮಂಚದ ಕೆಳಗಿದೆ. ಕಾಗೆ ಎಲ್ಲಿದೆ, ಮಾಳಿಗೆ ಮೇಲಿದೆ. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಬೀಸುವ ಪದದ ಧಾಟಿಯಲ್ಲಿ. ಹಳೆಯ ಪಂಚಾಂಗದ ಅಂಚಿನಲ್ಲಿ ಅದನ್ನು ಬರೆದುಕೊಟ್ಟು, "ಮನ್ಯಾಗ ಯಾರ ಜೋಡಿನರ ಹಾಡು. ಒಂದಿನ ನೀ ಕೇಳು, ಒಂದಿನ ನೀ ಹೇಳು. ಪಕ್ಕ ಬದಲಿ ಮಾಡಾದು ಮರಿಬ್ಯಾಡ," ಅಂತ ಎಚ್ಚರಿಸಿದರು.

ಮನೆಯಲ್ಲಿ ಹಾಡಿಗೆ ಜೋಡಿ ಎಂದರೆ ಅಜ್ಜಿ. ಕೋಳಿ ಕೂಗುವ ಹೊತ್ತಿಗೆ ನಾವಿಬ್ಬರೂ ಬೀಸುವ ಕಲ್ಲಿನ ಮುಂದೆ ಎದುರಾಬದುರು ಕೂರುತ್ತಿದ್ದೆವು. ಗೂಟದ ಮೇಲೆ ಅವಳದೊಂದು ಕೈ, ನನ್ನದೊಂದು ಕೈ. ಸಾವಿರ ಪದ ಎದೆಯಲ್ಲಿಟ್ಟುಕೊಂಡವಳಿಗೆ ನಲವತ್ತು ಸಾಲು ಯಾವ ಲೆಕ್ಕ? ನಾನು ಎರಡು ಸಲ ಓದಿ ಹೇಳಿದೆ, ಮೂರನೆಯ ಸಲಕ್ಕೆ ಎಲ್ಲವೂ ಅವಳ ಬಾಯಲ್ಲಿದ್ದವು. ಅಷ್ಟೇ ಅಲ್ಲ, ಪ್ರತಿ ಉತ್ತರದ ಕೊನೆಗೂ ತನ್ನದೊಂದು "ಸುವ್ವಿ" ಸೇರಿಸಿದಳು.

"ವೇರ್ ಈಸ್ ದ ಕೌ?" ಅಂತ ನಾನು.

"ಇನ್ ದ ಫೀಲ್ಡೂ ಸುವ್ವಿ!" ಅಂತ ಅಜ್ಜಿ.

"ಅಜ್ಜಿ, ಇಂಗ್ಲೀಷಿನಾಗ ಸುವ್ವಿ ಇಲ್ಲ."

"ದೇವರ ಪದಕ್ಕ ಸುವ್ವಿ ಅಂದ್ರ ದೇವರೇ ಸುಮ್ನ ಕೇಳ್ತಾನ. ಇವರದೇನು ಹೆಚ್ಚಿನ ದೊಡ್ಡಸ್ತಿಕಿ? ಬೀಸು, ಬೀಸು."

ಒಲೆ ಹಚ್ಚುತ್ತಿದ್ದ ಅವ್ವ ಸೆರಗಿನಲ್ಲಿ ನಗೆ ಮುಚ್ಚಿಕೊಂಡು, "ಅತ್ತಿ, ಆಕಳ ಕೊಟ್ಟಿಗ್ಯಾಗ ಕಟ್ಟೈತಿ. ಹೊಲದಾಗ ಐತಿ ಅಂತ ಸುಳ್ಳು ಯಾಕ ಕಲಸ್ತೀರಿ?" ಎಂದಳು.

"ಅದು ಇಂಗ್ಲೀಷ್ ಆಕಳ ಬಿಡವ್ವ. ಅದನ್ನ ಕಟ್ಟಾರ್ಯಾರು!"

ಎಲ್ಲ ಸುಖವಾಗಿತ್ತು. ತೊಡಕಾದದ್ದು ಪಕ್ಕ ಬದಲಿಸುವ ದಿನ. ಇವತ್ತು ನೀನು ಕೇಳು, ನಾನು ಹೇಳುತ್ತೇನೆ ಎಂದರೆ ಅಜ್ಜಿ ಗೂಟ ಬಿಟ್ಟು ನನ್ನನ್ನೇ ನೋಡಿದಳು.

"ಕೇಳೋರು ಸಣ್ಣೋರು, ಹೇಳೋರು ದೊಡ್ಡೋರು. ಅರವತ್ತು ವರ್ಷ ಆಕಳ ಕಾಯ್ದಾಕಿ ನಾನು. ಆಕಳ ಎಲ್ಲೈತವ್ವಾ ಅಂತ ನಾ ನಿನ್ನ ಕೇಳ್ಬೇಕಾ? ನೀ ನನಗ ಹೊಲ ತೋರಸ್ತೀಯಾ? ನೋಡಿದೋರು ಏನಂದಾರು!"

ನಮ್ಮ ಮನೆಯ ಕಾಯಿದೆಯೇ ಹಾಗೆ. ಹಿರಿಯರು ಕಿರಿಯರನ್ನು ಏನಾದರೂ ಕೇಳಿದರೆ ಅದು ಬೈಗುಳದ ಪೀಠಿಕೆ: ಎಲ್ಲಿಗೆ ಹೋಗಿದ್ದೆ, ಯಾಕೆ ಚೆಲ್ಲಿದೆ. ತಿಳಿದುಕೊಳ್ಳುವುದಕ್ಕಾಗಿ ಕೇಳುವುದು ಮಕ್ಕಳ ಕೆಲಸ. ನನಗೂ ಅದು ಸರಿ ಎನ್ನಿಸಿತು. ಹೀಗೆ ಒಂದು ತಿಂಗಳು, ದಿನಕ್ಕೆ ಎರಡು ಸೇರು ಜೋಳದ ಜೊತೆ, ನಲವತ್ತು ಪ್ರಶ್ನೆ ನಾನು ಕೇಳಿದೆ, ನಲವತ್ತು ಉತ್ತರ ಅವಳು ಹೇಳಿದಳು. ಪಂಚಾಂಗದ ಹಾಳೆ ಎಲ್ಲಿ ಹೋಯಿತೋ ನೋಡಲೂ ಇಲ್ಲ. ಹಾಡು ಬಾಯಿಗೆ ಬಂದ ಮೇಲೆ ಹಾಳೆ ಯಾಕೆ?

ಪರೀಕ್ಷೆಗೆ ಅಜ್ಜಿಯೇ ಕರೆದುಕೊಂಡು ಹೊರಟಳು. ಆಗಿನ ಬಸ್ಸು ಇದ್ದಿಲಿನದು. ಹಿಂದೆ ಒಂದು ಹಂಡೆ. ಕ್ಲೀನರು ಹಿಡಿಕೆ ತಿರುಗಿಸಿ ಗಾಳಿ ಹಾಕಿ ಹಾಕಿ ಅದರ ಹೊಟ್ಟೆಗೆ ಕಾವು ಬಂದರೆ ಬಸ್ಸು ಹೊರಡುವುದು, ಏರು ಬಂದರೆ ನಾವೇ ಇಳಿದು ನೂಕುವುದು. ಎರಡು ಸಲ ನೂಕಿದೆವು. ನೂಕುವಾಗಲೂ ಹಾಡು ನಿಲ್ಲಲಿಲ್ಲ. ನಾನು ಕೇಳಿದ್ದಕ್ಕೆ ಒಂದು ನೂಕು, ಅಜ್ಜಿ ಹೇಳಿದ್ದಕ್ಕೆ ಒಂದು ನೂಕು. ಜೊತೆಗೆ ನೂಕುತ್ತಿದ್ದ ಮೆಣಸಿನಕಾಯಿ ವ್ಯಾಪಾರಿ ಉಸಿರು ಬಿಡುತ್ತ, "ಅಮ್ಮಾ, ದೊರಿಗಳ ಬಂಗ್ಲೇದಾಗ ಕೆಲಸಕ್ಕಿದ್ರೇನು?" ಎಂದ.

"ಇಲ್ಲಪ್ಪ, ಬೀಸೋ ಕಲ್ಲಿನ ಮುಂದ ಕುಂತಿದ್ದೆ."

ಹೈಸ್ಕೂಲಿನ ಜಗಲಿಯಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ಹುಡುಗಿಯರು ಸಾಲಾಗಿ ಕೂತಿದ್ದರು. ನನ್ನ ಸರದಿ ಹನ್ನೆರಡನೆಯದು. ಗಡ್ಡದ ಜವಾನ ಕೂಗಿದ ಕೂಡಲೇ ಒಳಗೆ ಹೋದೆ. ಅಜ್ಜಿ ಹೊರಗೆ ಕಿಟಕಿಯ ಕೆಳಗೇ ಕೂತಳು.

ಮೇಜಿನ ಆಚೆ ದೊಡ್ಡ ಟೀಚರಮ್ಮ. ಅನಂತಪುರದ ಕಡೆಯವರು, ಕೋಪ ಬಂದರೆ ತೆಲುಗು, ಇಲ್ಲವಾದರೆ ಕನ್ನಡ. ಮೂಗಿನ ತುದಿಗೆ ಕನ್ನಡಕ. ಪುಸ್ತಕ ತೆರೆದು ಒಂದು ಚಿತ್ರ ನನ್ನ ಕಡೆ ತಿರುಗಿಸಿದರು. ನೋಡುತ್ತೇನೆ, ನಮ್ಮ ಮೇಷ್ಟ್ರ ಪುಸ್ತಕವೇ! ಅದೇ ಹೊಲ, ಅದೇ ಆಕಳು. ನನ್ನ ಜೀವ ಜಿಗಿಯಿತು.

"ವೇರ್ ಈಸ್ ದ ಕೌ?" ಎಂದರು ಟೀಚರಮ್ಮ.

ನಾನು ಬಾಯಿ ತೆರೆದೆ. ಬಂದದ್ದು, "ವೇರ್ ಈಸ್ ದ ಕ್ಯಾಟ್?"

ಟೀಚರಮ್ಮ ಕನ್ನಡಕದ ಮೇಲಿನಿಂದ ನೋಡಿದರು. ಅಷ್ಟರಲ್ಲಿ ಕಿಟಕಿಯ ಆಚೆಯಿಂದ ತುಂಬುಗಂಟಲಿನಲ್ಲಿ ಬಂತು: "ಇನ್ ದ ಫೀಲ್ಡೂ ಸುವ್ವಿ! ಅಂಡರ್ ದ ಕಾಟೂ ಸುವ್ವಿ!"

"ಎವರಮ್ಮಾ ಅದಿ?" ಎಂದು ಟೀಚರಮ್ಮ ಎದ್ದು ನಿಂತರು. ತೆಲುಗು ಬಂತು ಎಂದರೆ ಮುಗಿಯಿತು.

ಹೊರಗೆ ಜವಾನ, "ಅರೆ ಅಮ್ಮಾ, ಚುಪ್ ಕೂಡ್ರಿ! ಪರೀಕ್ಷಾ ನಡದೈತಿ!" ಅಂತ ಗದರಿಸಿದ.

"ಕೇಳಿದ್ರ ಹೇಳಬಾರದೇನು? ಯಾವ ಊರ ನ್ಯಾಯಪ್ಪ ಇದು?"

ಕಿಟಕಿ ಮುಚ್ಚಿಸಿದರು. ಕೋಣೆ ಮಬ್ಬಾಯಿತು. "ಈಗ ನೀನು ಹೇಳು. ವೇರ್ ಈಸ್ ದ ಕ್ರೋ?"

ಕಾಗೆ ಮಾಳಿಗೆ ಮೇಲಿದೆ ಅಂತ ಕನ್ನಡದಲ್ಲಿ ನನಗೆ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಆ ಮಾಳಿಗೆ ಬೀಸುವ ಕಲ್ಲಿನ ಆಚೆ, ಅಜ್ಜಿಯ ಬದಿಯಲ್ಲಿತ್ತು. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಬಲಗೈ ತಾನಾಗಿ ಅರ್ಧ ಸುತ್ತು ತಿರುಗುವುದು, ಮುಂದಿನ ಪ್ರಶ್ನೆ ನಾಲಿಗೆಗೆ ಬಂದು ಕೂರುವುದು. ಕಾಗೆಯ ನಂತರದ್ದು ಮೀನು. ಮೀನನ್ನು ಹಲ್ಲು ಕಚ್ಚಿ ತಡೆದು ನಿಂತೆ. ಒಂದು ತಿಂಗಳು ಹಾಡಿ ಹಾಡಿ ನಾನು ಕಲಿತದ್ದು ಅರ್ಧ ಹಾಡು ಅಂತ ಆ ಕ್ಷಣಕ್ಕೆ ಹೊಳೆಯಿತು ನೋಡಿ, ಅಳುವೂ ಬಂತು, ಅದರ ಹಿಂದೆಯೇ ಕೆಟ್ಟ ನಗುವೂ ಬಂತು.

"ನಗ್ತೀಯಾ?"

"ಇಲ್ರಿ, ಅಳಾಕ ಹತ್ತೀನ್ರಿ."

ಟೀಚರಮ್ಮ ಪೆನ್ನು ಎತ್ತಿಕೊಂಡರು. ಅಷ್ಟೇ. ಅಟ್ಟದ ಮೇಲಿನ ಪಾಟಿ ಕಣ್ಣಿಗೆ ಕಾಣಿಸಿತು. ಅವರ ಮುಖ ನೋಡಲಾರದೆ ಮೇಜು ನೋಡಿದೆ. ಅಲ್ಲಿ ಒಂದು ಕಾಲಿನ ಮೇಲೆ ಓರೆಯಾಗಿ ನಿಂತ ದೊಡ್ಡ ನೀಲಿ ಚೆಂಡು. ಮೈತುಂಬ ಹಳದಿ, ಕೆಂಪು, ಹಸಿರು ತೇಪೆ. ಹುಟ್ಟಿದಾಗಿನಿಂದ ಅಂಥದ್ದು ಕಂಡಿರಲಿಲ್ಲ. ಸೀಟು ಹೋಗುವುದಂತೂ ಹೋಯಿತು, ಇದೇನೆಂದಾದರೂ ತಿಳಿದು ಹೋಗೋಣ ಎನ್ನಿಸಿತು.

"ವಾಟ್ ಈಸ್ ದಿಸ್?" ಎಂದೆ. ಈ ಸಲ ಧಾಟಿಯಿಲ್ಲ, ಸುವ್ವಿಯಿಲ್ಲ, ಬರಿಯ ಮಾತು.

ಪೆನ್ನು ನಿಂತಿತು. "ಗ್ಲೋಬ್. ಇದೇ ಭೂಮಿ."

ಭೂಮಿಯೇ! "ವೇರ್ ಈಸ್ ಕುರುಗೋಡು?"

ಟೀಚರಮ್ಮ ಚೆಂಡು ತಿರುಗಿಸಿ ಉಗುರಿನ ತುದಿಯಿಂದ ಹುಡುಕಿದರು. "ನಾಟ್ ಹಿಯರ್."

"ವೇರ್ ಈಸ್ ಸಿರುಗುಪ್ಪ?"

"ನಾಟ್ ಹಿಯರ್."

"ವೇರ್ ಈಸ್ ಬಳ್ಳಾರಿ?"

ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಬಾಗಿದರು. "ನಾಟ್ ಹಿಯರ್," ಎನ್ನುವಾಗ ಅವರಿಗೇ ನಾಚಿಕೆಯಾದಂತಿತ್ತು.

ವಾರ್, ವಾರ್ ಅಂತ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. "ವೇರ್ ಈಸ್ ದ ವಾರ್?" ಎಂದೆ.

ಅವರು ಚೆಂಡು ತಿರುಗಿಸುತ್ತ, "ಹಿಯರ್. ಹಿಯರ್. ಹಿಯರ್," ಎಂದು ಐದಾರು ಕಡೆ ಬೆರಳಿಟ್ಟರು. ನಾನು ತಡೆಯಲಾರದೆ ಕನ್ನಡಕ್ಕೇ ಇಳಿದೆ: "ಅಯ್ಯ ಟೀಚರಮ್ಮಾ, ಜಗಳ ಎಲ್ಲಾ ಕಡಿ ಐತಿ, ನಾವು ಎಲ್ಲೂ ಇಲ್ಲಲ್ರಿ!"

ಆಗ ಅವರು ನಕ್ಕರು. ನಕ್ಕರು ಅಂದರೆ ಕನ್ನಡಕ ಮೂಗಿನಿಂದ ಜಾರಿ ಭೂಮಿಯ ಮೇಲೆ ಬೀಳುವಷ್ಟು ನಕ್ಕರು. ಆಮೇಲೆ, "ಈ ಪ್ರಶ್ನೆ ಯಾರು ಹೇಳಿಕೊಟ್ರು?" ಎಂದರು.

"ಯಾರೂ ಇಲ್ರಿ. ಗೊತ್ತಿರಲಿಲ್ರಿ, ಅದಕ್ಕ ಕೇಳಿದೆ."

"ಬೆಳಗಿಂದ ಹನ್ನೊಂದು ಹುಡುಗೇರು ಬಂದು ಹೋದ್ರು. ಆಕಳು ಫೀಲ್ಡಿನಾಗಿದೆ ಅಂತ ಎಲ್ರೂ ಸರಿಯಾಗಿ ಹೇಳಿದ್ರು. ಈ ಚೆಂಡಿನ ಕಡೆ ಒಬ್ಬಳೂ ಕಣ್ಣೆತ್ತಲಿಲ್ಲ." ಪೆನ್ನು ಮತ್ತೆ ಎತ್ತಿಕೊಂಡು ನನ್ನ ಹೆಸರಿನ ಮುಂದೆ ಏನೋ ಬರೆದರು. "ಮೂರು ತಿಂಗಳಾಗ ಉತ್ತರಾನೂ ಕಲೀಬೇಕು. ಇಲ್ಲಾಂದ್ರೆ ಬಸ್ಸು ಹತ್ತಿಸ್ತೀನಿ. ತಿಳೀತಾ?"

ತಿಳಿಯಿತು. ತಿಳಿದದ್ದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ತಿಳಿಯದೆ ಬಾಗಿಲು ದಾಟಿ ಹಾರಿದೆ. ನನ್ನ ಹಿಂದೆಯೇ ಹೊರಗೆ ಬಂದ ಟೀಚರಮ್ಮ, "ಅಮ್ಮಾ, ನಿಮ್ಮ ಮೊಮ್ಮಗಳಿಗೆ ಸೀಟು ಕೊಟ್ಟೀನಿ. ಇನ್ನು ಹೋಗಿಬರ್ರಿ," ಎಂದರು.

ಅಜ್ಜಿ ನನ್ನ ಕೆನ್ನೆ ಹಿಂಡಿ ನೆಟಿಗೆ ಮುರಿದಳು. ಆದರೆ ಏಳಲಿಲ್ಲ.

"ಸೀಟು ಕೊಟ್ರಿ, ನಿಮ್ಮ ಹೊಟ್ಟಿ ತಣ್ಣಗಿರಲಿ. ಆದ್ರ ನಲವತ್ತರಾಗ ಎರಡೇ ಹೇಳಿದ್ದೆ, ಕಿಟಕಿ ಮುಚ್ಚಿಬಿಟ್ರಿ. ಪದ ನಡುವ ಬಿಟ್ಟು ಏಳಬಾರದ್ರಿ, ಮನಿಗೆ ಚೊಲೋ ಅಲ್ಲ. ಉಳದ ಮೂವತ್ತೆಂಟು ಹೇಳೇ ಹೋಗಾಕಿ ನಾನು."

ಜವಾನ ತಲೆ ಚಚ್ಚಿಕೊಂಡ. ನಾನು ಅಲ್ಲೇ ನೆಲದ ಮೇಲೆ ಅವಳ ಎದುರಿಗೆ ಕೂತು ಕಾಗೆಯಿಂದ ಶುರು ಮಾಡಿದೆ. ಐದಾರು ಪ್ರಶ್ನೆ ಆಗುವಷ್ಟರಲ್ಲಿ, ಸರದಿಗಾಗಿ ಬೆವರುತ್ತ ಕೂತಿದ್ದ ಹುಡುಗಿಯರೂ ನನ್ನ ಜೊತೆ ಕೇಳತೊಡಗಿದರು. ಒಬ್ಬಳು ತಾಳ ಹಾಕಿದಳು. ಯಾರ ಮುಖದಲ್ಲೂ ಪರೀಕ್ಷೆಯ ಭಯವಿಲ್ಲ. ಹದಿನೈದು ಗಂಟಲು ಒಟ್ಟಿಗೆ ಕೇಳುವುದು, ಒಂದು ಗಂಟಲು ಕಟ್ಟಡ ನಡುಗುವಂತೆ ಹೇಳುವುದು. "ಸುವ್ವಿ" ಬಂದಾಗ ಜವಾನನ ಗಡ್ಡವೂ ಅಲ್ಲಾಡುತ್ತಿತ್ತು.

ಮೂವತ್ತೊಂಬತ್ತು ಮುಗಿದವು. ಅಜ್ಜಿ ಕೈ ಎತ್ತಿ ನಮ್ಮನ್ನೆಲ್ಲ ತಡೆದು, ಬಾಗಿಲಲ್ಲಿ ನಿಂತಿದ್ದ ಟೀಚರಮ್ಮನ ಕಡೆ ತಿರುಗಿದಳು. "ಕಡೀದು ನೀವು ಕೇಳ್ರಿ. ನನಗಿಂತ ಸಣ್ಣೋರೇ ಅಲ್ಲೇನ್ರಿ?"

ಟೀಚರಮ್ಮ ಆಚೆ ಈಚೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಕಿವಿಯಲ್ಲಿ ಹೇಳಿಕೊಟ್ಟ ಪ್ರಶ್ನೆಯನ್ನು, ಅಪಸ್ವರದಲ್ಲೇ ಆದರೂ, ರಾಗವಾಗಿಯೇ ಕೇಳಿದರು.